ಉಪ್ಪುಗಾಳಿಯ ಊರಿನಲ್ಲಿ ಉಕ್ಕಿಗೆ ಎನಾಮೆಲ್ ಬಳಿಯುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕಡಲಂಚಿನ ಮನೆಗಳಲ್ಲೂ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆ-ತೋಟಗಳಲ್ಲೂ ಗೇಟು, ಕಿಟಕಿ ಗ್ರಿಲ್, ಮಾಡಿನ ಕಬ್ಬಿಣದ ಚೌಕಟ್ಟು, ನೀರಿನ ಟ್ಯಾಂಕಿನ ಸ್ಟ್ಯಾಂಡು ಮುಂತಾದವುಗಳಿಗೆ ಬಳಿಯುವುದು ಬಹುಮಟ್ಟಿಗೆ ಡಬ್ಬಿಯಲ್ಲಿ ಸಿಗುವ ಸಿಂಥೆಟಿಕ್ ಎನಾಮೆಲ್ ಬಣ್ಣವನ್ನೇ. ಬಣ್ಣ ಯಾವುದಿರಬೇಕೆಂದು ಜನ ಸಾಕಷ್ಟು ವಿಚಾರಿಸುತ್ತಾರೆ. ಬಣ್ಣದ ಅಡಿಯಲ್ಲಿರುವ ಉಕ್ಕು ಹೇಗಿರಬೇಕೆಂದು ವಿಚಾರಿಸುವವರು ಕಡಿಮೆ. ಆ ಎರಡನೆಯ ವಿಚಾರಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಹೋದ ವರ್ಷವಷ್ಟೇ ಒಳ್ಳೆಯ ಕಂಪನಿಯ ಎನಾಮೆಲ್ ಬಳಿಸಿದ್ದೆವು. ಒಂದೇ ಮಳೆಗಾಲಕ್ಕೆ ಗೇಟಿನ ಬಣ್ಣ ಹಕ್ಕಳೆ ಎದ್ದಿದೆ. ಬಣ್ಣವೇ ಕಳಪೆ ಇತ್ತೇ?

ಬಣ್ಣದ ಮೇಲೆ ತಪ್ಪು ಹೊರಿಸುವ ಮುನ್ನ ಎದ್ದ ಹಕ್ಕಳೆಯೊಂದನ್ನು ಉಗುರಿನಿಂದ ಬಿಡಿಸಿ, ಮಗುಚಿ, ಅದರ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಕಾರಣದ ಬಹುಪಾಲು ಅಲ್ಲಿಯೇ ಕಾಣಸಿಗುತ್ತದೆ. ಹಿಂಬದಿಗೆ ಕಂದು ಪುಡಿ ಅಂಟಿಕೊಂಡಿದ್ದರೆ ಸಡಿಲ ತುಕ್ಕಿನ ಮೇಲೆಯೇ ಪ್ರೈಮರ್ (ಎನಾಮೆಲ್ಲಿಗೆ ಮುಂಚೆ ಹಚ್ಚುವ ಅಡಿಲೇಪ) ಬಳಿಯಲಾಗಿದೆ. ನೀಲಿಗಪ್ಪು ಬಣ್ಣದ, ನುಣುಪಾದ, ಒಡೆಯುವ ಗುಣದ ತೆಳು ಪದರ ಅಂಟಿದ್ದರೆ ಅದು ಕಾರ್ಖಾನೆಯಿಂದಲೇ ಬಂದ ಮಿಲ್ ಸ್ಕೇಲ್. ಉಕ್ಕಿನಿಂದ ಸಡಿಲಗೊಂಡದ್ದು ಅದು, ಬಣ್ಣ ಅದರ ಜೊತೆಗೆ ಎದ್ದು ಬಂದಿದೆ ಅಷ್ಟೆ. ಹಿಂಬದಿ ಸ್ವಚ್ಛವಾಗಿದ್ದು ಕೆಳಗಿನ ಲೋಹವೂ ಹೊಳೆಯುತ್ತಿದ್ದರೆ ಎಣ್ಣೆಯ ಪಸೆ ಉಳಿದಿತ್ತು, ಇಲ್ಲವೇ ಆ ಭಾಗ ಸತು ಲೇಪಿತ ಪೈಪು ಎಂದು ಶಂಕಿಸಬೇಕು. ಪ್ರೈಮರ್ ಉಕ್ಕಿನ ಮೇಲೆ ಗಟ್ಟಿಯಾಗಿ ನಿಂತಿದ್ದು ಎನಾಮೆಲ್ ಮಾತ್ರ ಕಳಚಿದ್ದರೆ, ಪ್ರೈಮರ್ ಬಳಿದ ನಂತರ ವಾರಗಟ್ಟಲೆ ಬಿಟ್ಟು, ಮೇಲೆ ಕೂತ ಉಪ್ಪು-ಧೂಳನ್ನು ತೆಗೆಯದೆ ಎನಾಮೆಲ್ ಹಚ್ಚಲಾಗಿದೆ. ಬಣ್ಣದ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳೆದ್ದು, ಸೂಜಿಯಿಂದ ಚುಚ್ಚಿದಾಗ ಒಳಗಿನಿಂದ ನೀರಿನ ಹನಿ ಬಂದರೆ, ನಮ್ಮ ಕರಾವಳಿಯಲ್ಲಿ ಅದಕ್ಕೆ ಬಹುತೇಕ ಉಪ್ಪೇ ಕಾರಣ.

ಪ್ರಶ್ನೆ: ತುಕ್ಕನ್ನು ಪೂರ್ತಿ ಕೆರೆದು ತೆಗೆದ ಮೇಲೂ ಉಪ್ಪು ಉಳಿಯುತ್ತದೆಯೇ? ಕಣ್ಣಿಗಂತೂ ಕಾಣುವುದಿಲ್ಲ.

ಉಳಿಯುತ್ತದೆ. ಇಡೀ ವಿಷಯದಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಸಂಗತಿ ಇದು. ಕಡಲ ಅಲೆಗಳು ಒಡೆಯುವಾಗ ಏಳುವ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲಿ ಬಂದು ಉಕ್ಕಿನ ಮೇಲೆ ಕೂರುತ್ತವೆ. ಬರಿಯ ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದಾಗ ತಾನಾಗಿ ನೀರು ಹೀರಿ ಕರಗುತ್ತದೆ. ಆದರೆ ಕಡಲ ಉಪ್ಪಿನಲ್ಲಿ ಮೆಗ್ನೀಶಿಯಮ್ ಕ್ಲೋರೈಡ್ ಕೂಡ ಇದ್ದು, ಅದು ಶೇ. 33ರ ಆಸುಪಾಸಿನ ತೇವಾಂಶದಲ್ಲೇ ಒದ್ದೆಯಾಗುತ್ತದೆ. ಕಾರವಾರದ ಗಾಳಿ ಅಷ್ಟು ಒಣಗುವ ದಿನಗಳು ಬಲು ಅಪರೂಪವಾದ್ದರಿಂದ ಇಲ್ಲಿಯ ಉಕ್ಕು ನೋಡುವುದಕ್ಕೆ ಒಣಗಿದಂತಿದ್ದರೂ ಉಪ್ಪು ಕೂತ ಜಾಗದಲ್ಲಿ ತೆಳುವಾದ ತೇವ ಇದ್ದೇ ಇರುತ್ತದೆ.

ತುಕ್ಕು ಹಿಡಿದ ಉಕ್ಕಿನ ಮೈಯಲ್ಲಿ ಸಣ್ಣ ಸಣ್ಣ ಕುಳಿಗಳಿರುತ್ತವೆ, ಉಪ್ಪಿನ ಕ್ಲೋರೈಡ್ ಅಂಶ ಸೇರಿಕೊಳ್ಳುವುದು ಅವುಗಳ ತಳದಲ್ಲಿ. ವಾಯರ್ ಬ್ರಷ್ಷಿನ ತಂತಿ ಅಷ್ಟು ಒಳಕ್ಕೆ ಇಳಿಯುವುದಿಲ್ಲ. ಮೇಲ್ಮೈ ಹೊಳೆಯುವಷ್ಟು ಉಜ್ಜಿದರೂ ತಳದ ಉಪ್ಪು ಹಾಗೆಯೇ ಇರುತ್ತದೆ. ಅದರ ಮೇಲೆ ಬಣ್ಣ ಬಿದ್ದ ಮೇಲೆ ನಡೆಯುವುದೇನೆಂದರೆ, ಯಾವುದೇ ಬಣ್ಣದ ಪದರ ನೀರಿನ ಆವಿಯನ್ನು ಪೂರ್ತಿಯಾಗಿ ತಡೆಯಲಾರದ್ದರಿಂದ, ಅಡಿಯಲ್ಲಿರುವ ಉಪ್ಪು ಪದರದ ಮೂಲಕವೇ ನೀರನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ, ಆ ಒತ್ತಡಕ್ಕೆ ಬಣ್ಣ ಗುಳ್ಳೆಯಾಗಿ ಏಳುತ್ತದೆ, ಗುಳ್ಳೆಯೊಳಗೆ ಹೊಸ ತುಕ್ಕು ಬೆಳೆಯುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕೊನೆಗೆ ಗುಳ್ಳೆ ಒಡೆಯುತ್ತದೆ. ಕ್ಲೋರೈಡ್ ಈ ಕ್ರಿಯೆಯಲ್ಲಿ ಖರ್ಚಾಗಿ ಹೋಗುವುದಿಲ್ಲ. ಅದೇ ಉಪ್ಪು ಮತ್ತೆ ಮತ್ತೆ ಹೊಸ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಆದ್ದರಿಂದ ಕರಾವಳಿಯಲ್ಲಿ ಕೆರೆಯುವ ಕೆಲಸ ಎಷ್ಟು ಮುಖ್ಯವೋ ತೊಳೆಯುವ ಕೆಲಸವೂ ಅಷ್ಟೇ ಮುಖ್ಯ.

ಪ್ರಶ್ನೆ: ಹಾಗಾದರೆ ತೊಳೆಯುವುದು ಯಾವಾಗ, ಯಾವ ನೀರಿನಿಂದ?

ಎರಡು ಸಲ ತೊಳೆಯಬೇಕು. ಕೆರೆಯುವುದಕ್ಕೆ ಮುಂಚೆ ಒಮ್ಮೆ ತೊಳೆದರೆ ಮೇಲೆ ಕೂತ ಉಪ್ಪು, ಧೂಳು, ಹಕ್ಕಿ ಹಿಕ್ಕೆ ಹೋಗುತ್ತದೆ. ಕೆರೆದ ನಂತರ ಮತ್ತೊಮ್ಮೆ ತೊಳೆಯುವುದು ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ತುಕ್ಕಿನ ಮುಚ್ಚಳ ಹೋಗಿ ಕುಳಿಗಳು ತೆರೆದುಕೊಂಡಿರುವುದು ಆಗಲೇ. ಕಾರು ತೊಳೆಯುವ ಪ್ರೆಶರ್ ವಾಶರ್ ಸಿಕ್ಕಿದರೆ ಉತ್ತಮ. ಸಿಗದಿದ್ದರೆ ಗಟ್ಟಿ ನೈಲಾನ್ ಬ್ರಷ್ಷಿನಿಂದ ಉಜ್ಜುತ್ತಾ ಮೇಲಿನಿಂದ ಕೆಳಕ್ಕೆ ಧಾರಾಳವಾಗಿ ನೀರು ಹಾಯಿಸಬೇಕು. ಒಂದು ಬಕೆಟ್ ನೀರಿನಲ್ಲಿ ಅದೇ ಬಟ್ಟೆಯನ್ನು ಅದ್ದಿ ಅದ್ದಿ ಒರೆಸಿದರೆ ಉಪ್ಪು ಹೋಗುವುದಿಲ್ಲ, ಜಾಗ ಬದಲಿಸುತ್ತದೆ.

ನೀರು ಸಿಹಿಯಾಗಿರಲೇಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಯ ಸಮೀಪದ ಎಷ್ಟೋ ಬಾವಿಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೀರು ಉಪ್ಪಾಗುತ್ತದೆ. ಅಂಥ ನೀರಿನಿಂದ ತೊಳೆಯುವುದೆಂದರೆ ತೆಗೆಯಬೇಕಾದುದನ್ನೇ ಮತ್ತೆ ಹಚ್ಚಿದಂತೆ. ಕುಡಿಯಲು ಬಳಸುವ ನೀರು ಸಾಕು.

ತೊಳೆದ ಬರಿ ಉಕ್ಕಿನ ಮೇಲೆ ಕೆಲವೇ ಗಂಟೆಗಳಲ್ಲಿ ತಿಳಿ ಕೇಸರಿ ಛಾಯೆ ಮೂಡಿದರೆ ಗಾಬರಿಪಡಬೇಕಾಗಿಲ್ಲ. ಒಣಬಟ್ಟೆಯಿಂದ ಕೂಡಲೇ ಒರೆಸಿ, ಬ್ಲೋವರ್ ಇದ್ದರೆ ಮೂಲೆಗಳಿಗೆ ಗಾಳಿ ಹೊಡೆದು, ಪೂರ್ತಿ ಒಣಗಿದ ಮೇಲೆ ಎಮರಿ ಪೇಪರಿನಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ, ತಡಮಾಡದೆ ಪ್ರೈಮರ್ ಹಚ್ಚಬಹುದು. ತೆಳುವಾದ ಈ ಛಾಯೆಗಿಂತ ತೊಳೆಯದೆ ಬಿಟ್ಟ ಉಪ್ಪಿನಿಂದಾಗುವ ಹಾನಿ ಬಹಳ ದೊಡ್ಡದು.

ಪ್ರಶ್ನೆ: ಉಪ್ಪು ಹೋಗಿದೆಯೇ ಎಂದು ತಿಳಿಯುವ ಉಪಾಯವಿದೆಯೇ?

ದೊಡ್ಡ ಕಾಮಗಾರಿಗಳಲ್ಲಿ ಬ್ರೆಸ್ಲೆ ಪಟ್ಟಿ ಎಂಬ ಅಂಟುಚೀಲವನ್ನು ಉಕ್ಕಿಗೆ ಅಂಟಿಸಿ, ಅದರೊಳಗೆ ಶುದ್ಧ ನೀರನ್ನು ಸಿರಿಂಜಿನಿಂದ ಬಿಟ್ಟು, ಮರಳಿ ಎಳೆದ ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಉಪ್ಪಿನ ಪ್ರಮಾಣ ಲೆಕ್ಕ ಹಾಕುತ್ತಾರೆ. ಇದಕ್ಕೆ ಐಎಸ್‌ಒ 8502 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಮಾಲಿಕೆಯಲ್ಲಿ ವಿಧಾನವಿದೆ. ಪೊಟ್ಯಾಶಿಯಮ್ ಫೆರಿಸಯನೈಡ್ ದ್ರಾವಣದಲ್ಲಿ ಅದ್ದಿ ಒಣಗಿಸಿದ ಕಾಗದವನ್ನು ತುಸು ತೇವ ಮಾಡಿದ ಉಕ್ಕಿನ ಮೇಲೆ ಒತ್ತಿದಾಗ ನೀಲಿ ಚುಕ್ಕೆಗಳು ಮೂಡಿದರೆ ಕರಗುವ ಕಬ್ಬಿಣದ ಲವಣಗಳು ಉಳಿದಿವೆ ಎಂದೂ ತಿಳಿಯಬಹುದು. ಮನೆಯ ಗೇಟಿಗೆ ಇಷ್ಟು ಬೇಕಾಗಿಲ್ಲ. ಕೆರೆದು, ತೊಳೆದು, ಒಣಗಿಸಿದ ಉಕ್ಕನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು ನೋಡಿ: ಮೈಯೆಲ್ಲ ಒಂದೇ ಸಮನಾಗಿ ತಿಳಿಯಾಗಿ ತುಕ್ಕಾದರೆ ಅದು ಗಾಳಿಯ ತೇವದ ಕೆಲಸ, ಅಲ್ಲಲ್ಲಿ ಕುಳಿಗಳ ಬಾಯಲ್ಲಿ ಮಾತ್ರ ಕಪ್ಪಾದ ಒದ್ದೆ ಚುಕ್ಕೆಗಳು ಕಂಡರೆ ಅಲ್ಲಿ ಉಪ್ಪು ಇನ್ನೂ ಇದೆ, ಆ ಜಾಗಗಳನ್ನು ಮತ್ತೆ ಉಜ್ಜಿ ತೊಳೆಯಬೇಕು.

ಪ್ರಶ್ನೆ: ಎಣ್ಣೆ ಪಸೆಯನ್ನು ಕೆರೆಯುವ ಮುಂಚೆ ತೆಗೆಯಬೇಕೋ, ಆಮೇಲೋ?

ಮುಂಚೆಯೇ ತೆಗೆಯಬೇಕು. ಎಣ್ಣೆ ಇರುವಾಗಲೇ ಎಮರಿ ಪೇಪರಿನಿಂದ ಉಜ್ಜಿದರೆ ಎಣ್ಣೆ ಗೀರುಗಳೊಳಕ್ಕೆ ಸೇರಿ ಇಡೀ ಮೈಗೆ ಹರಡುತ್ತದೆ, ಬ್ರಷ್ಷು ಮತ್ತು ಪೇಪರು ಕೂಡ ಎಣ್ಣೆಯಾಗುತ್ತವೆ. ಅಂಗಡಿಯಿಂದ ಹೊಸದಾಗಿ ತಂದ ಪೈಪಿನ ಮೇಲೆ ತುಕ್ಕು ಬಾರದಿರಲೆಂದು ಹಚ್ಚಿದ ಎಣ್ಣೆ ಇರುತ್ತದೆ. ಗೇಟಿನ ಹಿಂಜಿನ ಸುತ್ತ ಗ್ರೀಸ್ ಇರುತ್ತದೆ. ಅಡುಗೆ ಮನೆಯ ಕಿಟಕಿ ಗ್ರಿಲ್ಲಿನ ಮೇಲೆ ಒಗ್ಗರಣೆಯ ಜಿಡ್ಡು ಕೂತಿರುತ್ತದೆ. ಮಿನರಲ್ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೂಡಲೇ ಇನ್ನೊಂದು ಸ್ವಚ್ಛ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬಟ್ಟೆಗಳನ್ನು ಆಗಾಗ ಬದಲಿಸಬೇಕು. ಸೀಮೆಎಣ್ಣೆ ಪೂರ್ತಿ ಆರದೆ ತಾನೇ ಒಂದು ಪಸೆಯನ್ನು ಬಿಡುವುದರಿಂದ ಈ ಕೆಲಸಕ್ಕೆ ಬೇಡ. ಪೆಟ್ರೋಲಂತೂ ಬೆಂಕಿಯ ಅಪಾಯದಿಂದಾಗಿ ಬೇಡವೇ ಬೇಡ. ಕೊನೆಗೆ ಸೋಪಿನ ನೀರಿನಿಂದ ತೊಳೆದು ಸಿಹಿನೀರು ಹಾಯಿಸಿ. ಸುರಿದ ನೀರು ತೆಳು ಹಾಳೆಯಂತೆ ಒಡೆಯದೆ ಹರಡಿ ನಿಂತರೆ ಜಿಡ್ಡು ಹೋಗಿದೆ. ಹನಿ ಹನಿಯಾಗಿ ಬೇರ್ಪಟ್ಟರೆ ಇನ್ನೂ ಇದೆ.

ಪ್ರಶ್ನೆ: ಹೊಸ ಆಂಗಲ್, ಹೊಸ ಫ್ಲ್ಯಾಟ್ ಪಟ್ಟಿ. ತುಕ್ಕಿನ ಸುಳಿವೇ ಇಲ್ಲ. ನೇರವಾಗಿ ಪ್ರೈಮರ್ ಹಚ್ಚಬಹುದಲ್ಲವೇ?

ಹೊಸ ಉಕ್ಕಿನ ನೀಲಿಗಪ್ಪು ಹೊಳಪು ಉಕ್ಕಿನದ್ದಲ್ಲ. ಕಾಯ್ದ ಉಕ್ಕನ್ನು ರೋಲರುಗಳ ನಡುವೆ ಹಾಯಿಸುವಾಗ ಮೇಲ್ಮೈ ಗಾಳಿಯೊಡನೆ ಸೇರಿ ಕಬ್ಬಿಣದ ಮೂರು ಬಗೆಯ ಆಕ್ಸೈಡುಗಳ ಗಟ್ಟಿ ಪದರವೊಂದು ಕಟ್ಟಿಕೊಳ್ಳುತ್ತದೆ. ಅದೇ ಮಿಲ್ ಸ್ಕೇಲ್. ನೋಡಲು ಒಳ್ಳೆಯ ರಕ್ಷಣೆಯಂತೆ ಕಂಡರೂ ಬಿಸಿಲು-ತಂಪಿಗೆ ಉಕ್ಕು ಹಿಗ್ಗಿ ಕುಗ್ಗುವಾಗ ಅದು ಜೊತೆಗೂಡದೆ ಬಿರಿಯುತ್ತದೆ. ಬಿರುಕಿನಲ್ಲಿ ಉಪ್ಪುನೀರು ಇಳಿದರೆ ಸ್ಕೇಲ್ ಮತ್ತು ಬರಿ ಉಕ್ಕಿನ ನಡುವೆ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆ ಶುರುವಾಗಿ, ಸ್ಕೇಲ್ ಉಳಿದು ಉಕ್ಕು ಕರಗುತ್ತದೆ. ಹೀಗಾಗಿ ಮಿಲ್ ಸ್ಕೇಲ್ ಇರುವ ಉಕ್ಕಿನ ಮೇಲಿನ ಬಣ್ಣ ಎಷ್ಟೇ ಗಟ್ಟಿಯಾಗಿ ಅಂಟಿದರೂ ಅದು ಅಂಟಿರುವುದು ಇಂದಲ್ಲ ನಾಳೆ ಕಳಚುವ ಪದರಕ್ಕೆ.

ಕೈಬ್ರಷ್ಷಿಗೆ ಮಿಲ್ ಸ್ಕೇಲ್ ಬಗ್ಗುವುದಿಲ್ಲ. ಬ್ಲಾಸ್ಟಿಂಗ್ (ಗಟ್ಟಿ ಕಾಳುಗಳನ್ನು ರಭಸದ ಗಾಳಿಯಿಂದ ಹೊಡೆದು ಮೈ ಕೆರೆಯುವುದು) ಮಾಡಿಸಬೇಕು, ಇಲ್ಲವೇ ಗ್ರೈಂಡರಿಗೆ ಫ್ಲ್ಯಾಪ್ ಡಿಸ್ಕ್ ಹಾಕಿ ಬೂದು-ಬಿಳಿ ಲೋಹ ಕಾಣುವವರೆಗೆ ತೆಗೆಯಬೇಕು. ಕೋಲ್ಡ್ ರೋಲ್ಡ್ ತಗಡು ಮತ್ತು ಪೈಪುಗಳಲ್ಲಿ ಈ ಪದರ ಇರುವುದಿಲ್ಲ. ಅಲ್ಲಿ ಎಣ್ಣೆ ತೆಗೆದು, 120 ನಂಬರಿನ ಎಮರಿಯಿಂದ ನುಣುಪು ಮುರಿದರೆ ಸಾಕು.

ಪ್ರಶ್ನೆ: ಫ್ಯಾಬ್ರಿಕೇಶನ್ ಅಂಗಡಿಯವರು ರೆಡ್ ಆಕ್ಸೈಡ್ ಬಳಿದೇ ಗೇಟು ಕೊಡುತ್ತಾರೆ. ಅದರ ಮೇಲೆ ಎನಾಮೆಲ್ ಹಚ್ಚಿದರೆ ಸಾಲದೇ?

ಆ ಕೆಂಪು ಲೇಪವನ್ನು ನಂಬಬಾರದು ಎಂಬುದೇ ನಮ್ಮ ನಿಲುವು. ಹಲವು ಕಡೆ ಅದನ್ನು ಎಣ್ಣೆ, ವೆಲ್ಡಿಂಗ್ ಕಿಟ್ಟ, ಮಿಲ್ ಸ್ಕೇಲ್ ಎಲ್ಲದರ ಮೇಲೆಯೂ, ಅತಿಯಾಗಿ ತೆಳು ಮಾಡಿ, ಗೇಟು ಅಂಗಡಿಯಿಂದ ಮನೆ ತಲುಪುವವರೆಗೆ ತುಕ್ಕು ಕಾಣದಿರಲೆಂದು ಬಳಿದಿರುತ್ತಾರೆ. ಚೂಪಾದ ಚಾಕುವಿನಿಂದ ಕೆರೆದು ನೋಡಿ. ಪುಡಿ ಪುಡಿಯಾಗಿ ಉದುರಿದರೆ ಪೂರ್ತಿ ತೆಗೆದು ಮೊದಲಿನಿಂದ ಆರಂಭಿಸಬೇಕು. ಸಾಧ್ಯವಿದ್ದರೆ ಆರ್ಡರ್ ಕೊಡುವಾಗಲೇ ಪ್ರೈಮರ್ ಹಚ್ಚದೆ ಬರಿ ಉಕ್ಕಿನಲ್ಲೇ ಗೇಟು ಕೊಡುವಂತೆ ಹೇಳಿ, ತಯಾರಿಯನ್ನು ನಿಮ್ಮ ಕಣ್ಣೆದುರು ಮಾಡಿಸಿ.

ಪ್ರಶ್ನೆ: ಎಷ್ಟು ಸ್ವಚ್ಛವಾದರೆ ಸಾಕು? ಅದಕ್ಕೆ ಅಳತೆ ಉಂಟೇ?

ಐಎಸ್‌ಒ 8501-1 ಎಂಬ ಮಾನದಂಡದಲ್ಲಿ ಚಿತ್ರಗಳ ಸಮೇತ ದರ್ಜೆಗಳಿವೆ. ಕೈ ಸಾಧನ ಮತ್ತು ಯಂತ್ರ ಸಾಧನಗಳಿಂದ ಮಾಡಿದ ಕೆಲಸಕ್ಕೆ ಎಸ್‌ಟಿ 2, ಎಸ್‌ಟಿ 3 ಎಂದೂ, ಬ್ಲಾಸ್ಟಿಂಗಿಗೆ ಎಸ್‌ಎ 1ರಿಂದ ಎಸ್‌ಎ 3ರವರೆಗೂ ಹೆಸರಿಸಲಾಗಿದೆ. ಎಸ್‌ಟಿ 2 ಎಂದರೆ ಸಡಿಲ ತುಕ್ಕು, ಸಡಿಲ ಬಣ್ಣ, ಜಿಡ್ಡು ಹೋಗಿರಬೇಕು. ಎಸ್‌ಟಿ 3ರಲ್ಲಿ ಇವೆಲ್ಲ ಇನ್ನಷ್ಟು ಬಿಗಿಯಾಗಿ ಹೋಗಿ ಲೋಹದ ಹೊಳಪು ಕಾಣಿಸಬೇಕು. ಎಸ್‌ಎ 2½ ದರ್ಜೆಯಲ್ಲಿ ಚುಕ್ಕೆ ಅಥವಾ ಗೆರೆಯಂಥ ಮಸುಕು ಕಲೆಗಳನ್ನು ಬಿಟ್ಟು ಬೇರೇನೂ ಉಳಿದಿರಬಾರದು. ಮನೆಯ ಗ್ರಿಲ್ಲಿಗೆ ಎಸ್‌ಟಿ 3 ಸಾಧಿಸಬಹುದಾದ ಗುರಿ. ಅಲೆಯ ಸದ್ದು ಕೇಳುವಷ್ಟು ಹತ್ತಿರದ ಮನೆಯ ಮಾಡಿನ ಚೌಕಟ್ಟಿಗೆ, ಒಮ್ಮೆ ಮೇಲೇರಿಸಿದ ಮೇಲೆ ಕೈಯೆಟುಕದ ಭಾಗಗಳಿಗೆ, ನೆಲದ ಮೇಲಿರುವಾಗಲೇ ಎಸ್‌ಎ 2½ ಮಾಡಿಸುವುದು ಖರ್ಚಾದರೂ ಉಚಿತ. ಐಎಸ್‌ಒ 12944 ಮಾನದಂಡದ ಸಿ5 ಎಂಬ ತೀವ್ರ ವರ್ಗದ ವಾತಾವರಣದಲ್ಲಿ ಬಣ್ಣವಿಲ್ಲದ ಉಕ್ಕು ಮೊದಲ ವರ್ಷದಲ್ಲೇ 80ರಿಂದ 200 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪ ಕಳೆದುಕೊಳ್ಳುತ್ತದೆ. ಉಪ್ಪು ಹೆಚ್ಚಿರುವ ಕಡಲತೀರಗಳು ಈ ವರ್ಗಕ್ಕೆ ಸೇರುತ್ತವೆ.

ಪ್ರಶ್ನೆ: ಗ್ರೈಂಡರಿಗೆ ತಂತಿಯ ಕಪ್ ಬ್ರಷ್ ಹಾಕಿ ಕನ್ನಡಿಯಂತೆ ಹೊಳೆಯಿಸಿದ್ದೇವೆ. ಇದಕ್ಕಿಂತ ಒಳ್ಳೆಯ ತಯಾರಿ ಇದೆಯೇ?

ಹೊಳಪು ಒಳ್ಳೆಯ ಲಕ್ಷಣವಲ್ಲ. ಕಪ್ ಬ್ರಷ್ಷನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಅದು ಉಳಿದ ತುಕ್ಕನ್ನೇ ತೀಡಿ ನುಣುಪುಗೊಳಿಸುತ್ತದೆ. ಬಣ್ಣಕ್ಕೆ ಹಿಡಿದುಕೊಳ್ಳಲು ತರಿಯೇ ಇಲ್ಲದಂತಾಗುತ್ತದೆ. ತಂತಿ ಬ್ರಷ್ಷಿನ ನಂತರ 80 ನಂಬರಿನ ಎಮರಿಯಿಂದ, ಅನಂತರ 120ರಿಂದ ಅಡ್ಡ-ಉದ್ದ ಎರಡೂ ದಿಕ್ಕಿನಲ್ಲಿ ಉಜ್ಜಿ, ಬೆರಳಿಗೆ ತುಸು ತರಿ ತಾಗುವಂತೆ ಮಾಡಬೇಕು. ಹಾಗೆಂದು ತರಿ ಅತಿಯಾದರೂ ಕಷ್ಟವೇ. ಎನಾಮೆಲ್‌ನ ಒಂದು ಕೋಟು ಒಣಗಿದ ಮೇಲೆ ಸುಮಾರು 20ರಿಂದ 30 ಮೈಕ್ರಾನ್ ದಪ್ಪವಷ್ಟೇ ಇರುವುದರಿಂದ, ಬ್ಲಾಸ್ಟಿಂಗಿನಲ್ಲಿ 75 ಮೈಕ್ರಾನಿನ ಆಳದ ತರಿ ಮೂಡಿದ್ದರೆ ಅದರ ಶಿಖರಗಳು ಬಣ್ಣದ ಹೊರಗೆ ಇಣುಕಿ ತುಕ್ಕಿನ ಚುಕ್ಕೆಗಳಾಗುತ್ತವೆ. ಎನಾಮೆಲ್ ವ್ಯವಸ್ಥೆಗೆ 25ರಿಂದ 50 ಮೈಕ್ರಾನ್ ತರಿ ಹಿತವಾದದ್ದು.

ಪ್ರಶ್ನೆ: ದಂಡೆಯ ಮರಳು ಹೇರಳವಾಗಿದೆ. ಅದನ್ನೇ ಬಳಸಿ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಬಹುದೇ?

ಖಂಡಿತ ಕೂಡದು. ಆ ಮರಳಿನಲ್ಲಿ ಉಪ್ಪಿದೆ. ಅದನ್ನು ರಭಸದಿಂದ ಹೊಡೆದರೆ ಉಪ್ಪನ್ನು ಉಕ್ಕಿನೊಳಗೆ ಬಡಿದು ಕೂರಿಸಿದಂತಾಗುತ್ತದೆ. ಸಿಲಿಕಾ ಮರಳು ಒಡೆದಾಗ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆ ಬರುತ್ತದೆ, ಕೆಲಸಗಾರ ಮುಖಕ್ಕೆ ಪಂಚೆಯ ತುಂಡು ಸುತ್ತಿಕೊಂಡರೆ ಅದು ನಿಲ್ಲುವುದಿಲ್ಲ. ದಂಡೆಯ ಮರಳು ತೆಗೆಯುವುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳೂ ಇವೆ. ಗಾರ್ನೆಟ್, ತಾಮ್ರದ ಕಿಟ್ಟದ ಕಾಳು ಅಥವಾ ಉಕ್ಕಿನ ಗ್ರಿಟ್ ಬಳಸುವವರಿಂದಲೇ ಕೆಲಸ ಮಾಡಿಸಬೇಕು, ಕೆಲಸಗಾರನಿಗೆ ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖಕವಚ ಇರಲೇಬೇಕು.

ಪ್ರಶ್ನೆ: ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿದರೆ ತುಕ್ಕು ಕ್ಷಣದಲ್ಲಿ ಹೋಗುತ್ತದೆ. ಅದು ಸುಲಭವಲ್ಲವೇ?

ಆ ಆ್ಯಸಿಡ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕನ್ನು ಕರಗಿಸುತ್ತದೆ, ನಿಜ. ಆದರೆ ಕುಳಿಗಳಲ್ಲೂ ಸಂದುಗಳಲ್ಲೂ ಕ್ಲೋರೈಡನ್ನು ಬಿಟ್ಟುಹೋಗುತ್ತದೆ. ಕಡಲಿನಿಂದ ಬಂದ ಕ್ಲೋರೈಡನ್ನು ತೊಳೆಯಲು ಇಷ್ಟೆಲ್ಲ ಪಾಡು ಪಡುವಾಗ ಡಬ್ಬಿಯಿಂದ ಅದನ್ನೇ ಸುರಿಯುವುದು ಸಲ್ಲದು. ತುಕ್ಕು ಪರಿವರ್ತಕ ಎಂದು ಮಾರುವ ದ್ರವಗಳು ಬೇರೆ: ಅವುಗಳಲ್ಲಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇದ್ದು, ತೆಳುವಾದ, ಬಿಗಿಯಾಗಿ ಕೂತ ತುಕ್ಕನ್ನು ಕರಗದ ಫಾಸ್ಫೇಟ್ ಅಥವಾ ಕಪ್ಪು ಟ್ಯಾನೇಟ್ ಆಗಿ ಮಾರ್ಪಡಿಸುತ್ತವೆ. ಸಡಿಲ ತುಕ್ಕನ್ನು ಕೆರೆದು, ತೊಳೆದ ಮೇಲೆ, ಬ್ರಷ್ ತಲುಪದ ಮೂಲೆಗಳಿಗೆ ಮಾತ್ರ ಇವುಗಳನ್ನು ಬಳಸಿ. ಡಬ್ಬಿಯ ಮೇಲೆ ತೊಳೆಯಲು ಹೇಳಿದ್ದರೆ ತೊಳೆಯಬೇಕು; ಹೆಚ್ಚುವರಿ ಆಮ್ಲ ಅಂಟಂಟಾಗಿ ಉಳಿದರೆ ಅದರ ಮೇಲೆ ಪ್ರೈಮರ್ ನಿಲ್ಲುವುದಿಲ್ಲ.

ಪ್ರಶ್ನೆ: ಅಡಿಕೆ ಬೇಯಿಸಿದ ಚೊಗರನ್ನು ತುಕ್ಕಿಗೆ ಹಚ್ಚಿದರೆ ಕಪ್ಪಾಗಿ ನಿಲ್ಲುತ್ತದೆ ಎನ್ನುತ್ತಾರೆ ಶಿರಸಿ ಕಡೆಯವರು. ಹುಣಸೆ, ಮುರುಗಲ ಹುಳಿಯೂ ಕೆಲಸಕ್ಕೆ ಬರುತ್ತವೆಯೇ?

ಚೊಗರಿನ ಬಗೆಗಿನ ಮಾತಿನಲ್ಲಿ ಹುರುಳಿದೆ. ಅದರಲ್ಲಿ ಟ್ಯಾನಿನ್ ಧಾರಾಳವಾಗಿದ್ದು, ಕಬ್ಬಿಣದೊಡನೆ ಸೇರಿದಾಗ ಕಪ್ಪಾಗುವುದು ಮೇಲೆ ಹೇಳಿದ ಟ್ಯಾನೇಟ್ ಕ್ರಿಯೆಯೇ. ಆದರೆ ಚೊಗರಿನಲ್ಲಿ ಟ್ಯಾನಿನ್ ಜೊತೆಗೆ ನೀರಿನಲ್ಲಿ ಕರಗುವ ಬೇರೆ ಪದಾರ್ಥಗಳೂ ಇರುತ್ತವೆ. ಅವು ಒಣಗಿ ಉಳಿಯುವ ಪದರ ತೇವಕ್ಕೆ ಮೆತ್ತಗಾಗಬಲ್ಲದು. ಬಣ್ಣ ಬಳಿಯದೆ ಬಿಡುವ ಕತ್ತಿ-ಗುದ್ದಲಿಯ ಮಾತು ಬೇರೆ. ಎನಾಮೆಲ್‌ನ ಅಡಿಪಾಯಕ್ಕೆ ಅದನ್ನು ಶಿಫಾರಸು ಮಾಡಲಾರೆವು. ಹುಣಸೆ, ಮುರುಗಲು ಎರಡರ ಹುಳಿಯೂ ಬಿಡಿಸಿ ಇಟ್ಟ ಚಿಲಕ, ಹಿಂಜುಗಳಂಥ ಸಣ್ಣ ವಸ್ತುಗಳ ತುಕ್ಕನ್ನು ನಿಧಾನವಾಗಿ ಸಡಿಲಿಸುತ್ತದೆ. ಉಪ್ಪು ಬೆರೆಸದೆ ನೆನೆಹಾಕಿ, ಉಜ್ಜಿ, ಚೆನ್ನಾಗಿ ತೊಳೆದು, ಆ ಕೂಡಲೇ ಒಣಗಿಸಬೇಕು.

ಪ್ರಶ್ನೆ: ಬಣ್ಣ ಮೊದಲು ಹೋಗುವುದು ಯಾವಾಗಲೂ ವೆಲ್ಡಿಂಗ್ ಜಾಗದಲ್ಲಿ ಮತ್ತು ಅಂಚುಗಳಲ್ಲಿ. ಏಕೆ?

ವೆಲ್ಡಿಂಗ್ ಮೇಲಿನ ಗಾಜಿನಂಥ ಕಿಟ್ಟ, ಸುತ್ತ ಸಿಡಿದು ಅಂಟಿದ ಲೋಹದ ಕಾಳುಗಳು, ಹೊಗೆಯ ಪುಡಿ ಇವು ಮೂರೂ ಬಣ್ಣಕ್ಕೆ ಆಗಿಬರುವುದಿಲ್ಲ. ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ, ಕಾಳುಗಳನ್ನು ಉಳಿಯಿಂದ ಹಾರಿಸಿ, ಬೆಸುಗೆಯ ಉಬ್ಬನ್ನು ಗ್ರೈಂಡರಿನಿಂದ ಸಮಮಾಡಿ, ತೊಳೆಯಬೇಕು. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ಉಪ್ಪುನೀರು ಪೈಪಿನ ಒಳಸೇರುತ್ತದೆ, ಒಳಗಿನಿಂದ ತಿಂದುಕೊಂಡು ಬರುವ ತುಕ್ಕಿಗೆ ಹೊರಗಿನ ಬಣ್ಣ ಏನೂ ಮಾಡಲಾರದು. ಆದ್ದರಿಂದ ಪೈಪಿನ ತೆರೆದ ತುದಿಗಳಿಗೆ ಮುಚ್ಚಳ ಬೆಸೆಯಿಸಿ.

ಚೂಪು ಅಂಚಿನಲ್ಲಿ ಹಸಿಬಣ್ಣ ಎರಡೂ ಬದಿಗೆ ಸರಿದು ಅಂಚಿನ ಮೇಲೆ ಅತಿ ತೆಳುವಾಗುತ್ತದೆ. ಅಂಚನ್ನು ಅರದಿಂದ ದುಂಡಗೆ ಮಾಡಿ, ಪ್ರೈಮರ್ ಹಚ್ಚುವಾಗ ಮೊದಲು ಅಂಚು, ಬೆಸುಗೆ, ಬೋಲ್ಟು, ಮೂಲೆಗಳಿಗಷ್ಟೇ ಸಣ್ಣ ಬ್ರಷ್ಷಿನಿಂದ ಒಂದು ಸುತ್ತು ಹಚ್ಚಿ, ಅದು ಒಣಗಿದ ಮೇಲೆ ಇಡೀ ಮೈಗೆ ಹಚ್ಚಬೇಕು. ಸುರುಳಿ ವಿನ್ಯಾಸದ ಗ್ರಿಲ್ಲುಗಳಲ್ಲಿ ಎರಡು ಪಟ್ಟಿಗಳು ಒಂದಕ್ಕೊಂದು ತಾಗುವ ಸಂದು ಕೂಡ ಇಂಥದೇ ದುರ್ಬಲ ಜಾಗ. ಕಡಲಂಚಿನ ಮನೆಗೆ ಸುರುಳಿ ಕಡಿಮೆಯಿರುವ, ಸಾದಾ ಸರಳಿನ ಗ್ರಿಲ್ ಆರಿಸಿಕೊಂಡರೆ ಈ ತಲೆನೋವು ಬಹಳಷ್ಟು ತಪ್ಪುತ್ತದೆ.

ಪ್ರಶ್ನೆ: ಜಿಐ (ಸತು ಲೇಪಿತ) ಪೈಪು, ಜಿಐ ತಗಡಿನ ಮೇಲೆ ಎನಾಮೆಲ್ ಏಕೆ ಹಾಳೆಯಂತೆ ಸುಲಿದು ಬರುತ್ತದೆ?

ಎನಾಮೆಲ್‌ನಲ್ಲಿರುವ ಆಲ್ಕಿಡ್ ರಾಳ ಎಣ್ಣೆಯ ಅಂಶದಿಂದ ತಯಾರಾದದ್ದು. ಸತುವಿನೊಡನೆ ತೇವದಲ್ಲಿ ಅದು ನಿಧಾನವಾಗಿ ಪ್ರತಿಕ್ರಿಯಿಸಿ ಒಂದು ಬಗೆಯ ಸಾಬೂನಾಗುತ್ತದೆ, ಬಣ್ಣ ಆ ಜಾರು ಪದರದಿಂದ ಕಳಚಿಕೊಳ್ಳುತ್ತದೆ. ಎಷ್ಟು ಉಜ್ಜಿದರೂ ಇದು ತಪ್ಪುವುದಿಲ್ಲ. ನಡುವೆ ಬೇರೆ ಜಾತಿಯ ಪ್ರೈಮರ್ ಬೇಕು. ಸತುವಿನ ಮೇಲೆ ಮೂಡಿದ ಬಿಳಿ ಪುಡಿಯನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಿ ತೊಳೆದು, ಸತುವಿನ ಪದರ ಹರಿಯದಂತೆ ನಯವಾದ ಎಮರಿಯಿಂದ ಮಂಕುಗೊಳಿಸಿ, ಎಚ್ ಪ್ರೈಮರ್ (etch primer, ಲೋಹದ ಮೈಯನ್ನು ತುಸು ಕೊರೆದು ಅಂಟುವ ಪ್ರೈಮರ್) ಅಥವಾ ಸತು ಲೇಪಿತ ಲೋಹಕ್ಕೆ ಒಗ್ಗುವುದೆಂದು ಡಬ್ಬಿಯ ಮೇಲೆ ಬರೆದಿರುವ ಎಪಾಕ್ಸಿ ಪ್ರೈಮರ್ ಹಚ್ಚಿ, ಅದರ ಮೇಲೆ ಎನಾಮೆಲ್ ಬಳಿಯಬೇಕು. ಸತುವಿನ ಪುಡಿ ಹೆಚ್ಚಾಗಿರುವ ಜಿಂಕ್ ರಿಚ್ ಪ್ರೈಮರಿನ ಮೇಲೆ ನೇರವಾಗಿ ಎನಾಮೆಲ್ ಹಚ್ಚಬಾರದೆಂಬುದಕ್ಕೂ ಇದೇ ಕಾರಣ.

ಪ್ರಶ್ನೆ: ಸಾದಾ ಉಕ್ಕಿಗೆ ಯಾವ ಪ್ರೈಮರ್?

ಅಂಗಡಿಯಲ್ಲಿ ರೆಡ್ ಆಕ್ಸೈಡ್ ಎಂದು ಕೇಳಿದರೆ ಬಗೆಬಗೆಯವು ಸಿಗುತ್ತವೆ. ಐಎಸ್ (ಭಾರತೀಯ ಮಾನದಂಡ) 2074 ಎಂದು ನಮೂದಾಗಿರುವುದು ಜಿಂಕ್ ಕ್ರೋಮ್ ಸೇರಿದ ರೆಡ್ ಆಕ್ಸೈಡ್; ತುಕ್ಕು ತಡೆಯುವುದರಲ್ಲಿ ಗಟ್ಟಿಯಾದರೂ ಅದರಲ್ಲಿರುವ ಕ್ರೋಮೇಟ್ ಕ್ಯಾನ್ಸರ್‌ಕಾರಕವಾದ್ದರಿಂದ ಅದನ್ನು ಉಜ್ಜುವಾಗ ಧೂಳು ಒಳಗೆ ಹೋಗಬಾರದು. ಈಗ ಜಿಂಕ್ ಫಾಸ್ಫೇಟ್ ಪ್ರೈಮರ್ ಸುಲಭವಾಗಿ ಸಿಗುತ್ತಿದ್ದು, ಮನೆಗೆಲಸಕ್ಕೆ ನಾವು ಅದನ್ನೇ ಹೇಳುತ್ತೇವೆ. ಎರಡು ಕೋಟು, ಪ್ರತಿಯೊಂದೂ ಒಣಗಿದಾಗ 35ರಿಂದ 40 ಮೈಕ್ರಾನ್. ಅದರ ಮೇಲೆ ಎರಡು ಕೋಟು ಎನಾಮೆಲ್. ಎಪಾಕ್ಸಿ ಪ್ರೈಮರ್ ಹಚ್ಚಿದ್ದರೆ ತಯಾರಕರು ಹೇಳಿದ ಅವಧಿಯೊಳಗೆ ಎನಾಮೆಲ್ ಬಳಿಯಬೇಕು. ಅವಧಿ ಮೀರಿ ಗಟ್ಟಿಯಾದರೆ ಉಜ್ಜಿ ಮಂಕು ಮಾಡದ ಹೊರತು ಎನಾಮೆಲ್ ಹಿಡಿಯುವುದಿಲ್ಲ. ಕುಳಿ ತುಂಬಲು ಗೋಡೆಯ ಪುಟ್ಟಿಯನ್ನು ಎಂದೂ ಬಳಸಬೇಡಿ.

ಪ್ರಶ್ನೆ: ವರ್ಷದ ಯಾವ ಸಮಯದಲ್ಲಿ, ದಿನದ ಯಾವ ಹೊತ್ತಿನಲ್ಲಿ ಮಾಡಿಸಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ಬೇಡ. ದೀಪಾವಳಿ ಕಳೆದ ಮೇಲೆ ಫೆಬ್ರುವರಿವರೆಗಿನ ಕಾಲ ಉತ್ತಮ, ಆದರೆ ಆ ದಿನಗಳ ಬೆಳಗಿನ ಇಬ್ಬನಿಯನ್ನು ಲೆಕ್ಕಕ್ಕಿಡಬೇಕು. ಉಕ್ಕಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರಲು ಶುರುವಾಗುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು, ಗಾಳಿಯ ತೇವಾಂಶ ಶೇ. 85ಕ್ಕಿಂತ ಕೆಳಗಿರಬೇಕು ಎಂಬುದು ಎಲ್ಲೆಡೆ ಒಪ್ಪಿದ ನಿಯಮ. ಉದಾಹರಣೆಗೆ ಗಾಳಿ 30 ಡಿಗ್ರಿ, ತೇವಾಂಶ ಶೇ. 80 ಇದ್ದರೆ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ನೆರಳಿನಲ್ಲಿ ರಾತ್ರಿಯಿಡೀ ತಣಿದ ದಪ್ಪ ಉಕ್ಕು ಬೆಳಿಗ್ಗೆ 29 ಡಿಗ್ರಿಗೆ ಏರಿರುವುದೇ ಇಲ್ಲ, ಕಣ್ಣಿಗೆ ಕಾಣದ ನೀರಿನ ಪದರ ಅದರ ಮೇಲಿರುತ್ತದೆ.

ಕರಾವಳಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬಲವಾಗಿ ಉಪ್ಪನ್ನು ಹೊತ್ತು ತರುತ್ತದೆ. ಹಿಂದಿನ ದಿನ ಕೆರೆದು, ಮರುದಿನ ಬೆಳಿಗ್ಗೆ ಬಿಸಿಲು ತಾಗಿದ ಮೇಲೆ ತೊಳೆದು, ಒಣಗಿಸಿ, ಗಾಳಿ ಏಳುವುದರೊಳಗೆ ಮೊದಲ ಕೋಟು ಪ್ರೈಮರ್ ಮುಗಿಸುವಷ್ಟು ಭಾಗವನ್ನು ಮಾತ್ರ ದಿನಕ್ಕೆ ಕೈಗೆತ್ತಿಕೊಳ್ಳುವುದು ಸರಿಯಾದ ಲೆಕ್ಕ. ಸುಡುವ ಬಿಸಿಲಿಗೆ ಕಾದ ತಗಡಿನ ಮೇಲೆಯೂ ಬಳಿಯಬಾರದು. ಮೇಲ್ಪದರ ಬೇಗ ಕೆನೆಗಟ್ಟಿ ಒಳಗಿನ ದ್ರಾವಕ ಗುಳ್ಳೆಯಾಗಿ ಹೊರಬರುತ್ತದೆ.

ಪ್ರಶ್ನೆ: ಶಿರಸಿ, ಸಿದ್ದಾಪುರದಲ್ಲಿ ಕಡಲಿಲ್ಲ. ಅಲ್ಲಿಯೂ ಇಷ್ಟೆಲ್ಲ ಬೇಕೇ?

ಉಪ್ಪಿನ ಕಾಟ ಅಲ್ಲಿ ಬಹಳ ಕಡಿಮೆ, ಎರಡನೆಯ ತೊಳೆತವನ್ನು ಹಗುರವಾಗಿ ಮುಗಿಸಬಹುದು. ಅಲ್ಲಿಯ ತೊಂದರೆ ತಿಂಗಳುಗಟ್ಟಲೆ ಆರದ ತೇವ ಮತ್ತು ಪಾಚಿ. ತೋಟದ ನೆರಳಿನ ಗೇಟಿನ ಮೇಲೆ ಕಪ್ಪು-ಹಸಿರು ಪಾಚಿ ಬೆಳೆದಿದ್ದರೆ ಬರಿ ಕೆರೆದರೆ ಸಾಲದು. ಸೋಪಿನ ನೀರಿನಿಂದ ಉಜ್ಜಿ ತೊಳೆದು ಎರಡು ಬಿಸಿಲು ಒಣಗಿಸಬೇಕು. ಅಡಿಕೆಗೆ ಸಿಂಪಡಿಸಿದ ಬೋರ್ಡೋ ದ್ರಾವಣ ತಾಗಿ ನೀಲಿ ಕಲೆಯಾದ ಕಬ್ಬಿಣವನ್ನು ಮಾತ್ರ ವಿಶೇಷ ಗಮನವಿಟ್ಟು ತೊಳೆಯಬೇಕು, ಏಕೆಂದರೆ ತಾಮ್ರದ ಲವಣ ಉಕ್ಕಿನ ಸವೆತವನ್ನು ಚುರುಕುಗೊಳಿಸುತ್ತದೆ.

ಪ್ರಶ್ನೆ: ಹಳೆಯ ಬಣ್ಣವನ್ನು ಪೂರ್ತಿ ತೆಗೆಯಲೇಬೇಕೇ?

ಗಟ್ಟಿಯಾಗಿರುವುದನ್ನು ತೆಗೆಯಬೇಕಾಗಿಲ್ಲ. ಹರಿತವಾದ ಚಾಕುವಿನಿಂದ ಬಣ್ಣದ ಮೂಲಕ ಉಕ್ಕಿನವರೆಗೆ ಗುಣಾಕಾರ ಚಿಹ್ನೆಯಂತೆ ಎರಡು ಗೀರು ಹಾಕಿ, ಗಟ್ಟಿ ಅಂಟುಪಟ್ಟಿಯನ್ನು ಒತ್ತಿ ಅಂಟಿಸಿ, ಒಮ್ಮೆಲೇ ಎಳೆಯಿರಿ. ಗೀರಿನ ಅಂಚಿನಿಂದ ಬಣ್ಣ ಎದ್ದು ಬಾರದಿದ್ದರೆ ಆ ಭಾಗವನ್ನು ತೊಳೆದು, 180 ನಂಬರಿನ ಎಮರಿಯಿಂದ ಮಂಕುಗೊಳಿಸಿ ಅದರ ಮೇಲೆಯೇ ಮುಂದುವರಿಯಬಹುದು. ಎದ್ದು ಬಂದರೆ ಅಲ್ಲಿ ಪೂರ್ತಿ ತೆಗೆಯಬೇಕು. ತೆಗೆದ ಜಾಗಕ್ಕೂ ಉಳಿದ ಬಣ್ಣಕ್ಕೂ ನಡುವಿನ ಮೆಟ್ಟಿಲನ್ನು ಉಜ್ಜಿ ಇಳಿಜಾರು ಮಾಡಬೇಕು. ಹೊಸ ಬಣ್ಣ ಒಣಗಿ ಒಂದೆರಡು ವಾರವಾದ ಮೇಲೆ ಕಾಣದ ಮೂಲೆಯಲ್ಲಿ ಇದೇ ಪರೀಕ್ಷೆ ಮಾಡಿ ಕೆಲಸದ ಗುಣವನ್ನೂ ತಿಳಿಯಬಹುದು.

ಒಂದು ಎಚ್ಚರಿಕೆ ಅಗತ್ಯ. ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ, ಮುಖ್ಯವಾಗಿ ಹಳದಿ, ಕೇಸರಿ, ಕೆಂಪು ಬಣ್ಣಗಳಲ್ಲಿ, ಸೀಸ ಇರಬಹುದೆಂದೇ ಭಾವಿಸಿ, ನೀರು ಹಾಕಿ ಉಜ್ಜಬೇಕು. ಬ್ಲೋ ಲ್ಯಾಂಪಿನಿಂದ ಸುಡಬಾರದು. ಮಕ್ಕಳನ್ನು ದೂರವಿಟ್ಟು, ಬಿದ್ದ ಪುಡಿಯನ್ನು ಗುಡಿಸಿ ತೋಟಕ್ಕೆ ಎಸೆಯದೆ ಚೀಲದಲ್ಲಿ ಕಟ್ಟಬೇಕು.

ಪ್ರಶ್ನೆ: ಕಾರವಾರದ ಬೈತಕೋಲ ಬಂದರಿನಲ್ಲಿ ನಿಲ್ಲುವ ನಮ್ಮ ಉಕ್ಕಿನ ದೋಣಿಗೂ ಇದೇ ಎನಾಮೆಲ್ ಆದೀತೇ?

ನೀರಿನ ಮೇಲಿರುವ ಕ್ಯಾಬಿನ್, ಕಂಬಿಗಳಿಗೆ ಇದೇ ಕ್ರಮದಲ್ಲಿ ಬಳಿಯಬಹುದು. ಸದಾ ನೀರಿನಲ್ಲಿರುವ ತಳಕ್ಕೆ ಆಲ್ಕಿಡ್ ಎನಾಮೆಲ್ ಆಗುವುದಿಲ್ಲ. ತಳಕ್ಕೆ ಕಟ್ಟಿದ ಸತುವಿನ ಗಟ್ಟಿಗಳು ಉಕ್ಕನ್ನು ಕಾಯುವಾಗ ಮೇಲ್ಮೈ ಕ್ಷಾರೀಯವಾಗಿ ಆಲ್ಕಿಡ್ ಕರಗುತ್ತದೆ. ಅಲ್ಲಿಗೆ ಎಸ್‌ಎ 2½ ಬ್ಲಾಸ್ಟಿಂಗ್ ಮತ್ತು ಎಪಾಕ್ಸಿ ವ್ಯವಸ್ಥೆ ಬೇಕು.

ಪ್ರಶ್ನೆ: ಬಣ್ಣದ ಕೆಲಸ ಒಪ್ಪಿಸುವಾಗ ಏನೆಂದು ಮಾತಾಡಿಕೊಳ್ಳಬೇಕು?

ಬಹುತೇಕ ಕರಾರುಗಳಲ್ಲಿ ಎಷ್ಟು ಕೋಟು, ಯಾವ ಕಂಪನಿ ಎಂಬುದಿರುತ್ತದೆ, ತಯಾರಿಯ ಮಾತೇ ಇರುವುದಿಲ್ಲ. ಪೇಂಟರನಿಗೆ ಚದರ ಅಡಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ, ತೊಳೆದು ಒಣಗಲು ಕಾಯುವ ದಿನ ಅವನಿಗೆ ನಷ್ಟದ ದಿನವಾಗುತ್ತದೆ; ಅವನು ಅವಸರ ಮಾಡಿದರೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ತಯಾರಿಗೆ ಪ್ರತ್ಯೇಕವಾಗಿ ದಿನಗೂಲಿ ಗೊತ್ತುಮಾಡಿ, ಎಣ್ಣೆ ತೆಗೆಯುವುದು, ಮೊದಲ ತೊಳೆತ, ಕೆರೆತ, ಎರಡನೆಯ ತೊಳೆತ ಇವನ್ನು ಹೆಸರಿಸಿ ಬರೆಯಿರಿ. ಪ್ರೈಮರ್ ಡಬ್ಬಿಯ ಮುಚ್ಚಳ ತೆಗೆಯುವ ಮುನ್ನ ಬರಿ ಉಕ್ಕನ್ನು ನಿಮಗೆ ತೋರಿಸಬೇಕೆಂದು ಸೇರಿಸಿ. ತೋರಿಸಿದಾಗ ಬೆಸುಗೆಯ ಅಡಿಭಾಗ, ಹಿಂಜಿನ ಹಿಂಬದಿ, ಗೇಟಿನ ಕೆಳಗಿನ ಪಟ್ಟಿಯ ನೆಲದತ್ತ ಮುಖಮಾಡಿದ ಬದಿ, ಈ ಮೂರು ಕಡೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕಂದು ಪುಡಿಯಾಗಲಿ ಕಪ್ಪು ಜಿಡ್ಡಾಗಲಿ ಹತ್ತಿದರೆ ಆ ಭಾಗವನ್ನು ಮತ್ತೆ ಮಾಡಿಸಿ.